ಕಾಲಂ ಇಲ್ಲದ ಪಾಠ

"ಅಂಗನವಾಡೀಲಿ ಏನ್ ಕಲಿಸ್ತಾರೆ ಬುಡು, ಉಪ್ಪಿಟ್ಟು ತಿನ್ನಿಸಿ ಮಲಗಿಸ್ತಾರೆ ಅಷ್ಟೆ."

ಹೋದ ಸಲ ಊರಿಗೆ ಹೋಗಿದ್ದಾಗ ನಮ್ಮಕ್ಕ ಆಡಿದ ಮಾತು ಇದು. ಅವಳ ಮಗಳಿಗೆ ಈಗ ಮೂರು ವರ್ಷ. ಬೆಳಗ್ಗೆ ಮನೆ ಮುಂದೆ ಬರುವ ಹಳದಿ ವ್ಯಾನಿಗೆ ಹತ್ತಿಸುವುದೋ, ಬೀದಿ ಕೊನೆಯ ಅಂಗನವಾಡಿಗೆ ಕಳಿಸುವುದೋ ಅಂತ ಮನೆಯಲ್ಲಿ ಚರ್ಚೆ ನಡೆದಿತ್ತು. ಅಕ್ಕ ಈ ಮಾತು ಹೇಳುವಾಗ ಎರಡೇ ಮಾರು ದೂರದಲ್ಲಿ ನಮ್ಮ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ದೊಡ್ಡಮ್ಮ ಹುಲ್ಲಹಳ್ಳಿ ಪಕ್ಕದ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ಟೀಚರಾಗಿದ್ದವರು. ನಿವೃತ್ತಿಯಾಗಿ ಬಹಳ ದಿನ ಆಗಿಲ್ಲ. ಅವರು ತಲೆ ಎತ್ತಲಿಲ್ಲ, ಅವರೆಕಾಯಿ ಸುಲಿಯುತ್ತಲೇ ಇದ್ದರು...

ನಾನೂ ಸುಮ್ಮನಿದ್ದೆ. ನನ್ನದೂ ಒಂದು ತಪ್ಪಿದೆ. ನಾನು ಓದು ಶುರು ಮಾಡಿದ್ದು ದೊಡ್ಡಮ್ಮನ ಅಂಗನವಾಡಿಯಲ್ಲೇ. ಆದರೆ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ ಆಫೀಸಿನಲ್ಲಿ, ಯಾರಾದರೂ ಬಾಲ್ಯದ ಶಾಲೆ ಬಗ್ಗೆ ಕೇಳಿದರೆ "ಎಲ್‌ಕೆಜಿ ನಂಜನಗೂಡಲ್ಲಿ" ಅಂತ ಹೇಳಿಬಿಡುತ್ತಿದ್ದೆ! ಯಾರೂ ಪರೀಕ್ಷಿಸಿ ನೋಡುವ ವಿಷಯವಲ್ಲ, ಹಾಗಾಗಿ ಸುಳ್ಳು ಸಲೀಸಾಗಿ ನಡೆದುಹೋಯಿತು :-)

ಆ ರಾತ್ರಿ ದೊಡ್ಡಮ್ಮನನ್ನು ಕೇಳಿದೆ: "ದೊಡ್ಡಮ್ಮ, ನಿಜವಾಗ್ಲೂ ಏನ್ ಕಲಿಸ್ತಿದ್ರಿ ನೀವು?" ಅವರು ಕೊಟ್ಟ ಉತ್ತರ, ಆಮೇಲೆ ಬೆಂಗಳೂರಿಗೆ ಬಂದು ನಾನು ಓದಿಕೊಂಡದ್ದು, ಎರಡೂ ಸೇರಿ ಈ ಬರಹ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಸಂಗಮದ ಊರಲ್ಲಿ ಶುರುವಾದದ್ದು

ಹುಲ್ಲಹಳ್ಳಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಕಪಿಲೆಗೆ ಅಡ್ಡಲಾಗಿ ಹಳೆಯ ಕಾಲದ ಒಂದು ಅಣೆ, ಅದರಿಂದ ಹೊರಡುವ ಹುಲ್ಲಹಳ್ಳಿ ನಾಲೆ, ನಾಲೆ ಬಯಲಿನ ಗದ್ದೆ... ಇಷ್ಟು ಹೇಳಿದರೆ ನಮ್ಮ ಊರಿನ ಕಡೆಯ ಚಿತ್ರ ಬಂತು. ಇದೇ ಕಪಿಲೆ ಮುಂದೆ ನಂಜನಗೂಡು ದಾಟಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ.

ತಿ. ನರಸೀಪುರ ಅಂದರೆ ನಮಗೆಲ್ಲ ನೆನಪಾಗುವುದು ಸಂಗಮ, ಗುಂಜಾ ನರಸಿಂಹಸ್ವಾಮಿ ದೇವಸ್ಥಾನ, ಕುಂಭಮೇಳ. ಆದರೆ ಕರ್ನಾಟಕದ ಅಂಗನವಾಡಿಗಳ ಚರಿತ್ರೆ ಶುರುವಾಗುವುದೂ ಅಲ್ಲಿಂದಲೇ ಅಂತ ನನಗೆ ಗೊತ್ತೇ ಇರಲಿಲ್ಲ. 1975ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, ಕೇಂದ್ರ ಸರ್ಕಾರ ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು (ನಮ್ಮ ಬಾಯಲ್ಲಿ ಐಸಿಡಿಎಸ್) ಆರಂಭಿಸಿತು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆಯ್ಕೆಯಾದದ್ದು ತಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ಹಳ್ಳಿಗಾಡಿನಲ್ಲಿ ಸುಮಾರು ಸಾವಿರ ಜನಕ್ಕೆ ಒಂದು ಕೇಂದ್ರ ಅನ್ನುವುದು ಆಗಿನ ಲೆಕ್ಕ. 2025ರ ಅಕ್ಟೋಬರಿಗೆ ಅದಕ್ಕೆ ಐವತ್ತು ವರ್ಷ ತುಂಬಿತು. ನಮ್ಮ ತಾಲ್ಲೂಕಿಗೆ ಯೋಜನೆ ಬಂದದ್ದು ಆಮೇಲೆ. ಯೋಜನೆ ಮೊದಲು ಕೆಳಗಿನ ಸಂಗಮಕ್ಕೆ ಬಂದು, ಆಮೇಲೆ ನದಿಯಲ್ಲಿ ಮೇಲಕ್ಕೆ ಹತ್ತಿ ನಮ್ಮ ಕಡೆಗೆ ಬಂದ ಹಾಗಾಯಿತು!

ಅಂಗಳದ ಮಾತು

ಸರಿ, 1975ಕ್ಕೆ ಮುಂಚೆ ಏನೂ ಇರಲಿಲ್ಲವಾ? ಇತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕ 1920ರಲ್ಲಿ ಬಾಲಮಂದಿರ ಆರಂಭಿಸಿದರು. ವಕೀಲಿ ಬಿಟ್ಟು ಮಕ್ಕಳ ಹಿಂದೆ ಬಿದ್ದ ಮನುಷ್ಯ ಅವರು. ಅವರ ಜೊತೆಗೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ (1892-1973) ಮುಂದೆ ಮಹಾರಾಷ್ಟ್ರದ ಬೋರ್ಡಿಗೆ, ಆಮೇಲೆ ಕೋಸಬಾಡಿಗೆ ಹೋದರು. ಅಲ್ಲಿನದು ಆದಿವಾಸಿ ಮಕ್ಕಳು. ಶಾಲೆಗೆ ಬಾ ಅಂದರೆ ಬರುವವರಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂತ ತಾರಾಬಾಯಿ ಮತ್ತು ಅವರ ಶಿಷ್ಯೆ ಅನುತಾಯಿ ವಾಘ್ ಹಾಡಿಗಳಿಗೇ ಹೋಗಿ ಕೂತರು. ಅಂಗನವಾಡಿ ಅನ್ನುವ ಹೆಸರು ಹುಟ್ಟಿದ್ದು ಹಾಗೆ. ಅಂಗಳದ ಶಾಲೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಮಾಂಟೆಸ್ಸರಿ ಪದ್ಧತಿಯ ಸಾಮಾನು ದುಬಾರಿ. ಅದನ್ನು ಹಳ್ಳಿಯಲ್ಲಿ ಎಲ್ಲಿಂದ ತರುವುದು? ತಾರಾಬಾಯಿ ಬೀಜ, ಎಲೆ, ಕಲ್ಲು, ಚಿಪ್ಪುಗಳನ್ನೇ ಪಾಠದ ಸಾಮಾನು ಮಾಡಿಕೊಂಡರು. ಮಗುವಿಗೆ ಬೇಕಾದದ್ದು ಸಾಮಾನಲ್ಲ. ಮುಟ್ಟುವುದು, ಬೇರ್ಪಡಿಸುವುದು, ಜೋಡಿಸುವುದು. ಈ ತಿಳುವಳಿಕೆ ಮುಂದೆ ಇಡೀ ದೇಶದ ಅಂಗನವಾಡಿಗೆ ಬರಬೇಕಿತ್ತು. ಹೆಸರು ಬಂತು. ತಿಳುವಳಿಕೆ ಎಷ್ಟು ಬಂತು ಅನ್ನುವುದೇ ಪ್ರಶ್ನೆ. ತಾರಾಬಾಯಿ ತೀರಿಕೊಂಡದ್ದು 1973ರಲ್ಲಿ, ಅವರ ಮಾತನ್ನು ಸರ್ಕಾರ ದೊಡ್ಡದಾಗಿ ಬಳಸಲು ಶುರು ಮಾಡುವ ಎರಡು ವರ್ಷ ಮುಂಚೆ.

ಇದರ ಜೊತೆಗೆ ಕೇಂದ್ರ ಸಮಾಜ ಕಲ್ಯಾಣ ಮಂಡಳಿ (1953) ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ನೆರವು ಕೊಡುತ್ತಿತ್ತು. ಮೀನಾ ಸ್ವಾಮಿನಾಥನ್ ಅಧ್ಯಕ್ಷತೆಯ ಅಧ್ಯಯನ ತಂಡ 1972ರಲ್ಲಿ ಶಾಲಾಪೂರ್ವ ಮಕ್ಕಳ ಬಗ್ಗೆ ವರದಿ ಕೊಟ್ಟಿತು. 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಬಂತು. ಅದರ ಮರುವರ್ಷವೇ ಐಸಿಡಿಎಸ್.

ಆರು ಕೆಲಸ, ಒಬ್ಬಳು ಟೀಚರ್

ಯೋಜನೆ ಹೇಳಿದ ಸೇವೆ ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸಿಕೊಡುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ-ಆರೋಗ್ಯದ ತಿಳುವಳಿಕೆ. ಲೆಕ್ಕ ಹಾಕಿ ನೋಡಿ, ಆರರಲ್ಲಿ ಪಾಠ ಒಂದೇ ಒಂದು. ಆದರೆ ಯೋಜನೆಯ ಉದ್ದೇಶಗಳಲ್ಲಿ ಮಗುವಿನ ಮಾನಸಿಕ, ದೈಹಿಕ ಮತ್ತು ಸಾಮಾಜಿಕ ಬೆಳವಣಿಗೆಗೆ ಬುನಾದಿ ಹಾಕಬೇಕು ಅನ್ನುವುದೂ ಮೊದಲ ದಿನದಿಂದಲೇ ಇತ್ತು. ಅಂದರೆ ಮಗು ಕಲಿಯುವುದು ಅಕ್ಷರವನ್ನಷ್ಟೇ ಅಲ್ಲ, ಕಲಿಕೆಗೆ ಬೇರೆ ಬೇರೆ ಕ್ಷೇತ್ರಗಳಿವೆ ಅಂತ 1975ರ ಕಾಗದಕ್ಕೂ ಗೊತ್ತಿತ್ತು.

ಇದನ್ನೆಲ್ಲ ಮಾಡಬೇಕಾದ ಹೆಣ್ಣುಮಗಳಿಗೆ ಕೊಟ್ಟ ಹೆಸರು 'ಕಾರ್ಯಕರ್ತೆ'. ಶಿಕ್ಷಕಿ ಅಲ್ಲ. ಕೊಟ್ಟದ್ದು ಗೌರವಧನ, ಸಂಬಳ ಅಲ್ಲ. ಆರಂಭದಲ್ಲಿ ಮೆಟ್ರಿಕ್ ಪಾಸಾದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100. ಮೊದಲ ವರ್ಷಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ತರಬೇತಿ ಬರಬರುತ್ತಾ 26 ದಿನಕ್ಕೆ ಇಳಿಯಿತು. ಆ 26 ದಿನದಲ್ಲಿ ಲಸಿಕೆ, ಅಪೌಷ್ಟಿಕತೆ, ಬಾಣಂತಿ ಆರೈಕೆ, ರಿಜಿಸ್ಟರ್ ಬರೆಯುವುದು, ಜೊತೆಗೆ ಮಗುವಿನ ಮನಸ್ಸು! ನಮ್ಮ ಕಂಪನಿಗಳಲ್ಲಿ ಹೊಸಬರಿಗೆ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಸಲಿಕ್ಕೇ ಮೂರು ತಿಂಗಳು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ನೆನೆಸಿಕೊಳ್ಳಿ.

ದೊಡ್ಡಮ್ಮನ ಪಟ್ಟಿ

"ಟ್ರೈನಿಂಗಲ್ಲಿ ಬಾಯಿಪಾಠ ಮಾಡಿಸಿದ್ರು ಕಣಪ್ಪ" ಅಂತ ದೊಡ್ಡಮ್ಮ ಬೆರಳು ಮಡಿಸುತ್ತಾ ಹೇಳಿದರು. "ದೈಹಿಕ ಬೆಳವಣಿಗೆ, ಬೌದ್ಧಿಕ ಬೆಳವಣಿಗೆ, ಭಾಷಾ ಬೆಳವಣಿಗೆ, ಸಾಮಾಜಿಕ-ಭಾವನಾತ್ಮಕ ಬೆಳವಣಿಗೆ, ಸೃಜನಾತ್ಮಕ ಬೆಳವಣಿಗೆ." ಐದು ಬೆರಳಿಗೆ ಐದು. ಇಷ್ಟು ವರ್ಷವಾದರೂ ಒಂದೂ ಮರೆತಿರಲಿಲ್ಲ.

"ಅಂಗಂದ್ರೇನು ದೊಡ್ಡಮ್ಮ?" ಅಂದೆ.

"ಅಯ್ಯೋ ಅದೇನು, ದಿನಾ ಮಾಡ್ತಿದ್ದುದ್ದೇ" ಅಂದರು. ಬೆಳಗ್ಗೆ ಬಂದ ತಕ್ಷಣ ವೃತ್ತದಲ್ಲಿ ನಿಲ್ಲಿಸಿ ಕುಣಿಸುವುದು, ನೆಲದ ಮೇಲೆ ಎಳೆದ ಸುಣ್ಣದ ಗೆರೆ ಮೇಲೆ ನಡೆಸುವುದು. ಅದು ಕೈಕಾಲಿಗೆ. ಮಣಿ ಪೋಣಿಸುವುದು, ಮಣ್ಣು ಕಲಸಿ ಗೊಂಬೆ ಮಾಡುವುದು. ಅದು ಬೆರಳಿಗೆ. ಬೆರಳು ಗಟ್ಟಿಯಾಗದೆ ಬಳಪ ಹಿಡಿಯಲು ಆಗದು. ಹುಣಸೆ ಬೀಜ, ಅವರೆಕಾಳು, ರಾಗಿ ಬೆರೆಸಿಟ್ಟು "ಬ್ಯಾರೆ ಬ್ಯಾರೆ ಮಾಡ್ರಪ್ಪ" ಅನ್ನುವುದು. ಅದು ಬುದ್ಧಿಗೆ. ನರಿ ಕತೆ ಹೇಳಿ ಅರ್ಧಕ್ಕೆ ನಿಲ್ಲಿಸಿ "ಆಮೇಲೇನಾಯ್ತು?" ಅಂತ ಕೇಳುವುದು. ಅದು ಮಾತಿಗೆ. ಕೈತೊಳೆಯಲು ಸಾಲು ನಿಲ್ಲುವುದು, ಪಕ್ಕದವನಿಗೆ ಬಡಿಸುವವರೆಗೆ ಕಾಯುವುದು, ಅಳುವವಳ ಪಕ್ಕ ಹೋಗಿ ಕೂರುವುದು. ಇದನ್ನು ಕಲಿಸುತ್ತಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಸಾಮಾಜಿಕ, ಭಾವನಾತ್ಮಕ ಅಂತ ತರಬೇತಿಯಲ್ಲಿ ಹೇಳಿದ್ದು ಇದನ್ನೇ.

ನಾನು ಕೇಳಿದೆ, "ಅಂದ್ರೆ ಒಂದೊಂದಕ್ಕೂ ಒಂದೊಂದು ಪಿರಿಯಡ್ಡಾ?"

ದೊಡ್ಡಮ್ಮ ನಕ್ಕರು. "ಮಗೀಗೆ ಪಿರಿಯಡ್ ಎಲ್ಲದಪ್ಪಾ? ನೀನು ತಟ್ಟೆ ಹಂಚ್ತಿದ್ದೆ, ಗ್ಯಾನ ಅದಾ?"

ನನಗೆ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ಗೊತ್ತಾದದ್ದು. ನಾನು ಅಂಗನವಾಡಿಗೆ ಸೇರಿದಾಗ ಮೂರು ವರ್ಷ ದಾಟಿತ್ತು, ಮಾತು ಬಹಳ ಕಡಿಮೆಯಂತೆ. ಮನೆಯಲ್ಲಿ ಎಲ್ಲರಿಗೂ ಚಿಂತೆ. ದೊಡ್ಡಮ್ಮ ನನ್ನನ್ನು "ಮಾತಾಡು" ಅಂತ ಒಂದು ದಿನವೂ ಒತ್ತಾಯ ಮಾಡಲಿಲ್ಲವಂತೆ. ಊಟದ ಹೊತ್ತಿಗೆ ತಟ್ಟೆ ಹಂಚುವ ಕೆಲಸ ಕೊಟ್ಟರು. ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ. ಇಟ್ಟಾಗಲೆಲ್ಲ ಆ ಮಗುವಿನ ಹೆಸರು ಹೇಳಬೇಕು, ಅಷ್ಟೇ ನಿಯಮ. ಮೊದಲ ವಾರ ತುಟಿ ಅಲ್ಲಾಡುತ್ತಿತ್ತು. ಆಮೇಲೆ ಪಿಸುಮಾತು. ಆಮೇಲೆ ಒಂದು ದಿನ ತಟ್ಟೆ ಒಂದು ಕಡಿಮೆ ಬಿದ್ದಾಗ ನಾನೇ ಜೋರಾಗಿ ಕೂಗಿದೆನಂತೆ, "ದೊಡ್ಡಮ್ಮ, ಇನ್ನೊಂದು ಬೇಕು!"

ಈಗ ಯೋಚನೆ ಮಾಡಿ. ಒಂದು ಮಗುವಿಗೆ ಒಂದು ತಟ್ಟೆ ಹೊಂದಿಸುವುದೇ ಎಣಿಕೆಯ ಮೂಲ. ಇಂಜಿನಿಯರಿಂಗಿನಲ್ಲಿ ಒಂದಕ್ಕೊಂದು ಸಂಬಂಧ ಅಂತ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬಾಣ ಎಳೆದು ಕಲಿಸಿದರಲ್ಲ, ಅದೇ. ಹೆಸರು ಹೇಳುವುದು ಭಾಷೆ. ಚೆಲ್ಲದೆ, ಬೀಳಿಸದೆ ನಡೆಯುವುದು ದೈಹಿಕ. ಎಲ್ಲರಿಗೂ ಕೊಟ್ಟು ಕೊನೆಗೆ ತಾನು ಕೂರುವುದು ಸಾಮಾಜಿಕ. 'ನನ್ನಿಂದಲೂ ಒಂದು ಕೆಲಸ ಆಗುತ್ತೆ' ಅನ್ನಿಸುವುದು ಭಾವನಾತ್ಮಕ. ಐದು ನಿಮಿಷದ ಒಂದು ಕೆಲಸದೊಳಗೆ ಐದು ಬೆರಳಲ್ಲಿ ನಾಲ್ಕು ಮಡಿಸಿಯಾಯಿತು!

ಕ್ಷೇತ್ರಗಳ ಹೆಸರು ಬಾಯಿಪಾಠ ಇರುವುದು ಬೇರೆ, ಒಂದು ಮಗುವನ್ನು ನೋಡಿ ಇವನಿಗೆ ಈಗ ಯಾವುದು ಬೇಕು ಅಂತ ಗುರುತಿಸುವುದು ಬೇರೆ. ದೊಡ್ಡಮ್ಮನಿಗೆ ಎರಡನೆಯದು ಬರುತ್ತಿತ್ತು.

ರಿಜಿಸ್ಟರಿನಲ್ಲಿ ಎಲ್ಲಿತ್ತು?

ಹಾಗಾದರೆ ಅಕ್ಕನಿಗೆ, ಊರಿಗೆ, ಕೊನೆಗೆ ನನಗೂ ಇದು ಯಾಕೆ ಕಾಣಲಿಲ್ಲ?

ನಮ್ಮ ಕೆಲಸದಲ್ಲಿ ಒಂದು ಸತ್ಯ ಎಲ್ಲರಿಗೂ ಗೊತ್ತು. ಡೇಟಾಬೇಸಿನಲ್ಲಿ ಕಾಲಂ ಇಲ್ಲದ ವಿಷಯ ರಿಪೋರ್ಟಿನಲ್ಲಿ ಬರುವುದಿಲ್ಲ. ರಿಪೋರ್ಟಿನಲ್ಲಿ ಬರದೇ ಇರುವುದು ಮ್ಯಾನೇಜರನ ಮಟ್ಟಿಗೆ ನಡೆದೇ ಇಲ್ಲ. ದೊಡ್ಡಮ್ಮನ ರಿಜಿಸ್ಟರುಗಳೂ ಹಾಗೆಯೇ. ಹಾಜರಿ ಪುಸ್ತಕ, ಆಹಾರದ ದಾಸ್ತಾನು, ಮನೆ ಸರ್ವೆ, ಲಸಿಕೆ, ಗರ್ಭಿಣಿ-ಬಾಣಂತಿಯರ ಪಟ್ಟಿ, ತೂಕದ ಚಾರ್ಟು. ತೂಕದ ಚಾರ್ಟಿನಲ್ಲಿ ಒಂದು ಚುಕ್ಕೆ ಇಟ್ಟರೆ ಮಗುವಿನ ದೇಹ ಕಣ್ಣಿಗೆ ಕಾಣುತ್ತಿತ್ತು. ಅದು ಸಣ್ಣ ಸಾಧನೆಯಲ್ಲ, ಎಷ್ಟೋ ಮಕ್ಕಳ ಜೀವ ಉಳಿಸಿದ ಚುಕ್ಕೆ ಅದು. ಆದರೆ 'ಇವತ್ತು ಇವನು ಮೊದಲ ಸಲ ಜೋರಾಗಿ ಮಾತಾಡಿದ' ಅಂತ ಬರೆಯಲು ಯಾವ ಪುಟದಲ್ಲೂ ಜಾಗ ಇರಲಿಲ್ಲ. "ಸೂಪರ್‌ವೈಸರ್ ಮೇಡಂ ಬಂದ್ರೆ ದಾಸ್ತಾನು ನೋಡೋರು, ತೂಕ ನೋಡೋರು. ಬೀಜದ ಡಬ್ಬ ಯಾವತ್ತೂ ಕೇಳ್ನಿಲ್ಲ" ಅಂದರು ದೊಡ್ಡಮ್ಮ.

ಇಲಾಖೆಗೆ ಕಂಡದ್ದು ಊಟ, ತೂಕ. ಅಪ್ಪ-ಅಮ್ಮಂದಿರಿಗೆ ಕಂಡದ್ದು? ಅಕ್ಷರ. ಮಗು ಮನೆಗೆ ಬಂದು 'ಎ ಫಾರ್ ಆಪಲ್' ಅಂದರೆ ಕಲಿತಿದೆ, ಇಲ್ಲದಿದ್ದರೆ ಇಲ್ಲ. ನಂಜನಗೂಡಿನ ಸುತ್ತ ಕಾರ್ಖಾನೆಗಳು ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡಿ, ಹಳ್ಳಿಗೂ ಕಾನ್ವೆಂಟ್ ವ್ಯಾನ್ ಬರಲು ಶುರುವಾದ ಮೇಲೆ ಈ ಅಳತೆಗೋಲೇ ಗಟ್ಟಿಯಾಯಿತು.

ಇಲ್ಲಿ ದೊಡ್ಡಮ್ಮ ಹೇಳಿದ ಒಂದು ಮಾತು ನನ್ನನ್ನು ಬಹಳ ಕಾಡಿತು. ಒಂದು ವರ್ಷ ಅವರ ಕೇಂದ್ರದಿಂದ ಒಂದೇ ಸಲಕ್ಕೆ ಏಳು ಮಕ್ಕಳು ವ್ಯಾನಿಗೆ ಹೋದರಂತೆ. ಮಕ್ಕಳು ಕಡಿಮೆಯಾದರೆ ಕೇಂದ್ರಕ್ಕೇ ಕುತ್ತು ಬರುತ್ತೆ ಅನ್ನುವ ಭಯ. "ಅವತ್ತಿಂದ ನಾನೂ ಸ್ಲೇಟು ಹಿಡಿಸ್ದೆ ಕಣಪ್ಪ. ಮೂರ್ ವರ್ಸದ್ ಮಗಿಗೂ ಅ ಆ ಇ ಈ ತಿದ್ದಿಸ್ದೆ. ಬೀಜದ ಡಬ್ಬ ಅಟ್ಟಕ್ಕಾಕ್ದೆ. ತೆಪ್ಪು ಅಂತ ಗೊತ್ತಿತ್ತು." ಇಷ್ಟು ಹೇಳಿ ಸುಮ್ಮನಾದರು.

ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. 'ಅಂಗನವಾಡಿ ಟೀಚರುಗಳಿಗೆ ತಿಳುವಳಿಕೆ ಇಲ್ಲ' ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ತಿಳುವಳಿಕೆ ಇದ್ದವರೂ ಅದನ್ನು ಅಟ್ಟಕ್ಕೆ ಹಾಕಬೇಕಾದ ಪರಿಸ್ಥಿತಿಯನ್ನು ನಾವೇ ಸೇರಿ ಮಾಡಿದ್ದೇವೆ ಅನ್ನುವುದನ್ನು ಮರೆಯುತ್ತೇವೆ.

ಕೋರ್ಟು ಏನಂದಿತು, ಸರ್ಕಾರ ಏನಂದಿತು

ನಾನು ಅಂಗನವಾಡಿಗೆ ಹೋಗುತ್ತಿದ್ದ ಕಾಲಕ್ಕೇ, 2001ರ ನವೆಂಬರ್ 28ರಂದು, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪ್ರತಿ ಜನವಸತಿಗೂ ಒಂದು ಅಂಗನವಾಡಿ ಇರಬೇಕು ಅಂದಿತು. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರರೊಳಗಿನ ಮಕ್ಕಳಿಗೆ? ಸರ್ಕಾರ 'ಪ್ರಯತ್ನಿಸಬೇಕು' ಅನ್ನುವ 45ನೇ ವಿಧಿ. ಅಂದರೆ ಮೂರು ವರ್ಷದ ಮಗುವಿನ ಕಲಿಕೆ ಹಕ್ಕಾಗಲಿಲ್ಲ, ಆಶಯವಾಗಿ ಉಳಿಯಿತು.

2006ರ ಡಿಸೆಂಬರ್ ತಿಂಗಳನ್ನು ನೋಡಿ. 7ನೇ ತಾರೀಖು, ನಮ್ಮದೇ ರಾಜ್ಯದಿಂದ ಹೋಗಿದ್ದ ಅಮೀರ್‌ಬಿ ಮೊಕದ್ದಮೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸಿವಿಲ್ ಹುದ್ದೆಯಲ್ಲಿರುವವರಲ್ಲ ಅಂತ ಸುಪ್ರೀಂ ಕೋರ್ಟಿನ ತೀರ್ಪು. ಆರು ದಿನ ಬಿಟ್ಟು, 13ನೇ ತಾರೀಖು, 2008ರ ಡಿಸೆಂಬರಿನೊಳಗೆ ದೇಶದಲ್ಲಿ ಕನಿಷ್ಠ 14 ಲಕ್ಷ ಅಂಗನವಾಡಿ ಆಗಬೇಕು ಅಂತ ಅದೇ ಕೋರ್ಟಿನ ಇನ್ನೊಂದು ಆದೇಶ. ಕೇಂದ್ರ ಬೇಕೇ ಬೇಕು, ನಡೆಸುವವಳು ಮಾತ್ರ ನೌಕರಳಲ್ಲ!

ಆಮೇಲೆ ಗಾಳಿ ನಿಧಾನಕ್ಕೆ ತಿರುಗಿತು. 2013ರಲ್ಲಿ ಶಿಶುಗಳ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಮಾಡಿತು. ಹನ್ನೆರಡನೇ ತರಗತಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಿಸಬೇಕು ಅಂದಿತು. 26 ದಿನದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತೆ. 2022ರ ಅಕ್ಟೋಬರಿನಲ್ಲಿ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಹೊರಬಂತು. ಅದರಲ್ಲಿ ಕಲಿಕೆಯ ಕ್ಷೇತ್ರಗಳನ್ನು ಬಿಡಿಬಿಡಿಯಾಗಿ ಹೆಸರಿಸಿದ್ದಾರೆ: ದೈಹಿಕ, ಸಾಮಾಜಿಕ-ಭಾವನಾತ್ಮಕ-ನೈತಿಕ, ಬೌದ್ಧಿಕ, ಭಾಷೆ ಮತ್ತು ಸಾಕ್ಷರತೆ, ಸೌಂದರ್ಯ ಮತ್ತು ಸಂಸ್ಕೃತಿ, ಜೊತೆಗೆ ಒಳ್ಳೆಯ ಕಲಿಕೆಯ ಅಭ್ಯಾಸಗಳು. ಓದುತ್ತಾ ನನಗೆ ನಗು ಬಂತು. ದೊಡ್ಡಮ್ಮನ ಐದು ಬೆರಳೇ, ಒಂದು ಹೆಚ್ಚು.

ಅದೇ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಗುಜರಾತಿನ ಮೊಕದ್ದಮೆಯೊಂದರಲ್ಲಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕೊಡಬೇಕು ಅಂತ ತೀರ್ಪಿತ್ತಿತು. ದುಡ್ಡಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಅದರೊಳಗಿನ ಒಂದು ಅಂಶ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ನಡೆಯುವುದು ಶೈಕ್ಷಣಿಕ ಕೆಲಸ, ಪಾಠ ಹೇಳುವವರು ಇವರೇ ಅಂತ ಕೋರ್ಟು ಒಪ್ಪಿಕೊಂಡಿತು. 1975ರಲ್ಲಿ 'ಕಾರ್ಯಕರ್ತೆ' ಅಂತ ಕರೆದವರನ್ನು ಕಲಿಸುವವರು ಅಂತ ಒಪ್ಪಲು 47 ವರ್ಷ ಬೇಕಾಯಿತು.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭಿ, ಪಢಾಯಿ ಭಿ' ಅಂತ ಹೊಸ ಕಾರ್ಯಕ್ರಮ ತಂದಿತು. ಊಟವೂ ಓದೂ ಅಂತ ಅರ್ಥ. ಒಳ್ಳೆಯದೇ. ಆದರೆ 2021ರಿಂದ ಟೀಚರ ಕೈಗೆ ಪೋಷಣ್ ಟ್ರ್ಯಾಕರ್ ಅನ್ನುವ ಆಪ್ ಕೂಡ ಬಂದಿದೆ. ಎತ್ತರ, ತೂಕ, ಆಹಾರ ಎಲ್ಲ ಅದರಲ್ಲಿ ಏರಿಸಬೇಕು. 2025ರಲ್ಲಿ ಮನೆಗೆ ಕೊಡುವ ಆಹಾರಕ್ಕೆ ಮುಖದ ಗುರುತನ್ನೂ ಹಿಡಿಯಬೇಕಾಯಿತು. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಫೋನನ್ನು ಕಿಟಕಿಗೆ ಹಿಡಿದು ನಿಂತ ಟೀಚರ್ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು "ಆಮೇಲೇನಾಯ್ತು?" ಅಂತ ಕೇಳಲು ನಿಲ್ಲಿಸಿದ್ದಲ್ಲ. ಆಪ್ ಬರೆಯುವ ಜಾತಿಯವನೇ ನಾನು, ನಾಚಿಕೆಯಾಗುತ್ತೆ.

ಕೊನೆಗೆ...

ಅಕ್ಕನದು ಪೂರ್ತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಉಪ್ಪಿಟ್ಟು ಕೊಟ್ಟು ಮಲಗಿಸುವ ಅಂಗನವಾಡಿಗಳೂ ಇವೆ. ಮಳೆ ಬಂದರೆ ಸೋರುವ, ಬಾಗಿಲು ಸರಿಯಿಲ್ಲದ ಕೇಂದ್ರಗಳೂ ಇವೆ. ಯಾವ ತಾಯಿಯಾದರೂ ಹಿಂದೆ ಮುಂದೆ ನೋಡುವುದು ಸಹಜ. ಆದರೆ ಬೆಂಚಿನ ಮೇಲೆ ಮೂರು ವರ್ಷದ ಮಗುವನ್ನು ಕೂರಿಸಿ ನಾಲ್ಕು ಗೆರೆಯ ಪುಸ್ತಕ ತುಂಬಿಸುವ ಕಡೆ ಐದು ಬೆರಳಲ್ಲಿ ಎಷ್ಟು ಮಡಿಸುತ್ತಾರೆ ಅಂತಲೂ ಕೇಳಬೇಕಲ್ಲ? ಈ ಪ್ರಶ್ನೆ ಅಕ್ಕನ ಮುಂದಿಟ್ಟೆ. "ನೋಡನ" ಅಂದಿದ್ದಾಳೆ. ಹಳದಿ ವ್ಯಾನೋ ಬೀದಿ ಕೊನೆಯೋ ಇನ್ನೂ ತೀರ್ಮಾನವಾಗಿಲ್ಲ.

ನಾನು ಬೆಂಗಳೂರಿಗೆ ಹೊರಡುವ ದಿನ ಬೆಳಗ್ಗೆ ನೋಡಿದರೆ ದೊಡ್ಡಮ್ಮ ಅಟ್ಟದಿಂದ ಒಂದು ಹಳೇ ಹಾರ್ಲಿಕ್ಸ್ ಡಬ್ಬ ಇಳಿಸಿದ್ದರು. ಹುಣಸೆ ಬೀಜ, ಹೊಂಗೆ ಬೀಜ, ಒಂದಷ್ಟು ಗುಂಡಿ. ಅಕ್ಕನ ಮಗಳು ನೆಲದ ಮೇಲೆ ಸುರಿದುಕೊಂಡು ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಮಾಡುತ್ತಾ ಕೂತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾರೂ ಏನೂ ಮಾತಾಡಲಿಲ್ಲ.

ಹಾಂ, ಇನ್ನೊಂದು. ಮುಂದೆ ಯಾರಾದರೂ ನನ್ನನ್ನು ಎಲ್‌ಕೆಜಿ ಎಲ್ಲಿ ಓದಿದ್ದು ಅಂತ ಕೇಳಿದರೆ ಉತ್ತರ ತಯಾರಿದೆ: "ಓದಲಿಲ್ಲ, ತಟ್ಟೆ ಹಂಚಿದೆ. ಹುಲ್ಲಹಳ್ಳಿ ಹತ್ತಿರದ ಅಂಗನವಾಡೀಲಿ" :-)

ನಿಮ್ಮ ಬಾಲವಾಡಿ, ಶಿಶುವಿಹಾರ, ಅಂಗನವಾಡಿಯ ನೆನಪುಗಳಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಅಕ್ಷರ ಬಿಟ್ಟು ಬೇರೆ ಏನು ಕಲಿತಿರಿ ಅನ್ನುವುದನ್ನೇ ಬರೆಯಿರಿ. ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ.